ನಮ್ಮ ಬಯಲಿನ ಚಳಿಗಾಲದ ಹಕ್ಕಿಗಳು: ಎಬ್ಬಿಸದೆ ಫೋಟೊ ತೆಗೆಯುವ ಬಗೆ

ತೊಗರಿ ಹಳದಿ ಹೂ ಬಿಟ್ಟು, ಹತ್ತಿ ಒಡೆದು ಹೊಲ ಬೆಳ್ಳಗೆ ಕಾಣುವ ಹೊತ್ತಿಗೆ ನನ್ನ ಹತ್ತಿರ ಪ್ರತಿ ವರ್ಷ ಒಂದೇ ಪ್ರಶ್ನೆ ಬರುತ್ತದೆ. "ಸರ್, ಡ್ಯಾಮಿಗೆ ಬಾತು ಬಂದಾವೇನ್ರಿ? ಫೋಟೊ ತೆಗಿಲಿಕ್ಕೆ ಯಾವಾಗ ಹೋಗೂದು?" ಈಗ ನಿಮ್ಮಲ್ಲಿ ಬಹುತೇಕ ಎಲ್ಲರ ಮನೆಯಲ್ಲೂ ಒಳ್ಳೆಯ ಮೊಬೈಲ್ ಇದೆ. ಇಬ್ಬರು ಮೂವರ ಮನೆಯಲ್ಲಿ ಮದುವೆ ಫೋಟೊ ತೆಗೆಯುವ ಅಣ್ಣನದೋ ಮಾಮಾನದೋ ದೊಡ್ಡ ಕ್ಯಾಮೆರಾ ಕೂಡ ಇದೆ. ಆದ್ದರಿಂದ ಈ ಸಂಚಿಕೆಗೆ ಇದರ ಬಗ್ಗೆಯೇ ಬರೆಯಿರಿ ಎಂದು ಸಂಪಾದಕ ಮಂಡಳಿಯ ವಿದ್ಯಾರ್ಥಿಗಳು ಕೇಳಿದಾಗ ನಾನು ಕೂಡಲೇ ಒಪ್ಪಿಕೊಂಡೆ. ನಾನು ನಿಮಗೆ ಜೀವಶಾಸ್ತ್ರ ಹೇಳುವವನು. ಹಕ್ಕಿಗಳ ಫೋಟೊ ತೆಗೆಯುವುದು ನನ್ನ ಹಳೆಯ ಶೌಕು.

ಒಪ್ಪಿಕೊಳ್ಳಲು ಇನ್ನೊಂದು ಕಾರಣವೂ ಇತ್ತು. ಕಳೆದ ಚಳಿಗಾಲದಲ್ಲಿ ಒಂದು ವಿಡಿಯೊ ನಮ್ಮ ಊರುಗಳ ಮೊಬೈಲ್‌ಗಳಲ್ಲೆಲ್ಲ ಓಡಾಡಿತು. ಯಾವುದೋ ಕೆರೆಯ ದಂಡೆ. ಒಬ್ಬ ಹುಡುಗ ಕಲ್ಲು ಬೀಸುತ್ತಾನೆ, ನೂರಾರು ಹಕ್ಕಿಗಳು ಒಮ್ಮೆಲೇ ಏಳುತ್ತವೆ, ಹಿಂದೆ ಸಿನಿಮಾ ಹಾಡು. ನೋಡಲು ಚೆಂದವಿದೆ, ಇಲ್ಲವೆನ್ನುವುದಿಲ್ಲ. ಆದರೆ ಆ ಹಕ್ಕಿಗಳು ಅವತ್ತು ಸಂಜೆ ತಾವಾಗಿಯೇ ಹಾರುತ್ತಿದ್ದವು. ಅದೂ ಇನ್ನೂ ಚೆಂದದ ಬೆಳಕಿನಲ್ಲಿ, ಕ್ಯಾಮೆರಾದ ತಲೆಯ ಮೇಲೇ. ಆ ಹುಡುಗನಿಗೆ ಅದು ಗೊತ್ತಿರಲಿಲ್ಲ ಅಷ್ಟೆ. ಹಕ್ಕಿ ಯಾವಾಗ, ಯಾಕೆ, ಯಾವ ಕಡೆಯಿಂದ ಯಾವ ಕಡೆಗೆ ಹಾರುತ್ತದೆ ಎಂಬುದು ಗೊತ್ತಿದ್ದವನಿಗೆ ಕಲ್ಲು ಬೇಕಾಗುವುದಿಲ್ಲ. ಈ ಲೇಖನದಲ್ಲಿ ನಾನು ಹೇಳಹೊರಟಿರುವುದು ಇದನ್ನೇ.

ಮೊದಲು, ಅವು ಇಲ್ಲಿಗೆ ಬರುವುದೇಕೆ ಎಂದು ನೋಡೋಣ. ಕೃಷ್ಣಾ ಮತ್ತು ಭೀಮಾ ನದಿಗಳ ನಡುವಿನ ಈ ದೋಆಬ್ ಒಣ ನಾಡು. ಮೇಲೆ ಕಲ್ಲುಗುಡ್ಡ, ಕೆಳಗೆ ಎರೆಮಣ್ಣು. ಮಳೆಗಾಲ ಮುಗಿದ ಮೇಲೆ ಹಳ್ಳಗಳು ಒಂದೊಂದಾಗಿ ಒಣಗುತ್ತವೆ, ಉಳಿದ ನೀರಿನ ಸುತ್ತ ಜೀವ ಎಲ್ಲ ಸೇರಿಕೊಳ್ಳುತ್ತದೆ. ಇದು ಇಂದಿನ ಮಾತಲ್ಲ. ನಮ್ಮ ಪಕ್ಕದ ಹುಣಸಗಿ ಕಣಿವೆಯಲ್ಲಿ ದಶಕಗಳ ಕಾಲ ಅಗೆದು ಅಭ್ಯಾಸ ಮಾಡಿದ ಪ್ರಾಕ್ತನಶಾಸ್ತ್ರಜ್ಞ ಕೆ. ಪದ್ದಯ್ಯ ಅವರ ವಿಚಾರವೂ ಇದೇ ತರಹದ್ದು. ಹಳೆ ಶಿಲಾಯುಗದ ಜನ ಮಳೆಗಾಲದಲ್ಲಿ ಕಣಿವೆಯ ತುಂಬ ಚದುರಿಕೊಂಡಿದ್ದು, ಬೇಸಿಗೆ ಬಂದಂತೆ ಬತ್ತದ ಊಟೆಗಳ ಹತ್ತಿರ ಗುಂಪುಗೂಡುತ್ತಿದ್ದರು ಎಂದು ಅವರು ವಿವರಿಸಿದ್ದಾರೆ. ಅದೇ ಕಣಿವೆಯ ಇಸಾಂಪುರದ ಕಲ್ಲಿನ ಆಯುಧಗಳಿಗೆ ಸುಮಾರು 12 ಲಕ್ಷ ವರ್ಷ ವಯಸ್ಸು ಎಂದು ಅಂದಾಜು ಮಾಡಲಾಗಿದೆ. ನಮ್ಮ ಕೊಡೇಕಲ್‌ನ ಬೂದಿದಿಬ್ಬವನ್ನು ಅಗೆದವರೂ ಅವರೇ. ನೀರು ಎಲ್ಲಿದೆ ಎಂದು ನೋಡಿದರೆ ಪ್ರಾಣಿ ಎಲ್ಲಿದೆ ಎಂದು ತಿಳಿಯುತ್ತದೆ. ಆಗಿನ ಬೇಟೆಗಾರನಿಗೆ ಗೊತ್ತಿದ್ದ ಈ ಲೆಕ್ಕ ಈಗಿನ ಫೋಟೊಗ್ರಾಫರನಿಗೂ ಸಾಕು.

ಈಗ ಆ ನೀರು ಇನ್ನಷ್ಟು ದೊಡ್ಡದಾಗಿದೆ. 1982ರಲ್ಲಿ ಮುಗಿದ ನಾರಾಯಣಪುರದ ಬಸವಸಾಗರ, ಅದರ ಎಡದಂಡೆ ಕಾಲುವೆ, ಕಾಲುವೆಯ ಕೆಳಗಿನ ಭತ್ತದ ಗದ್ದೆಗಳು, ಇತ್ತ ಸುರಪುರದ ಹತ್ತಿರದ ಬೋನಾಳ ಕೆರೆ ಎಲ್ಲ ಸೇರಿ, ದೂರದಿಂದ ಬರುವ ಹಕ್ಕಿಗೆ ಒಣ ನೆಲದ ನಡುವೆ ಹಾಸಿದ ದಸ್ತರ್‌ಖಾನ್ ಇದ್ದಂತೆ. ಅಮೆರಿಕದ ನೈಋತ್ಯದ ಮರುಭೂಮಿಯಲ್ಲಿ ನ್ಯೂ ಮೆಕ್ಸಿಕೊ ಎಂಬ ರಾಜ್ಯವಿದೆ. ಅಲ್ಲಿ ರಿಯೊ ಗ್ರಾಂಡೆ ನದಿಯ ದಂಡೆಗೆ ಬಾಸ್ಕ್ ಡೆಲ್ ಅಪಾಚೆ ಎಂಬ ವನ್ಯಜೀವಿಧಾಮವನ್ನು 1939ರಲ್ಲಿ ಮಾಡಿದರು. ಶರತ್ಕಾಲ ಬಂತೆಂದರೆ ಸಾವಿರಾರು ಕ್ರೇನ್ ಕೊಕ್ಕರೆಗಳೂ ಬಿಳಿ ಹೆಬ್ಬಾತುಗಳೂ ಅಲ್ಲಿಗೆ ಇಳಿಯುತ್ತವೆ. ಜಗತ್ತಿನ ಮೂಲೆಮೂಲೆಯಿಂದ ಫೋಟೊಗ್ರಾಫರರು ಹೋಗಿ, ಕತ್ತಲಿರುವಾಗಲೇ ಕೊಳದ ದಂಡೆಯಲ್ಲಿ ಸಾಲಾಗಿ ನಿಂತು ಕಾಯುತ್ತಾರೆ. ಸೂರ್ಯ ಹುಟ್ಟುವಾಗ ಹಕ್ಕಿಗಳು ಒಟ್ಟಿಗೆ ಎದ್ದು ಹೊಲಗಳಿಗೆ ಹೋಗುತ್ತವೆ, ಸಂಜೆ ನೀರಿಗೆ ಮರಳುತ್ತವೆ. ಅಲ್ಲಿಯ ಪ್ರಸಿದ್ಧ ಫೋಟೊಗಳು ಹುಟ್ಟುವುದು ಈ ಎರಡು ಹೊತ್ತಿನಲ್ಲಿ. ಒಣ ನಾಡು, ಮನುಷ್ಯ ಕಟ್ಟಿ ನಿಲ್ಲಿಸಿದ ನೀರು, ಪಕ್ಕದಲ್ಲಿ ಬೆಳೆ. ಆ ಜಾಗಕ್ಕೂ ನಮ್ಮ ಜಾಗಕ್ಕೂ ವ್ಯತ್ಯಾಸ ಬಹಳವಿಲ್ಲ.

ನಮ್ಮ ಕಡೆಗೆ ಬರುವವರಲ್ಲಿ ಮುಖ್ಯ ಅತಿಥಿ ಪಟ್ಟೆತಲೆ ಹೆಬ್ಬಾತು. ತಿಳಿ ಬೂದು ಮೈ, ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ, ಕಿತ್ತಳೆ ಬಣ್ಣದ ಕಾಲು. ಮಂಗೋಲಿಯಾ, ಟಿಬೆಟ್ ಕಡೆಯ ಎತ್ತರದ ಸರೋವರಗಳಲ್ಲಿ ಮರಿ ಮಾಡಿ, ಹಿಮಾಲಯ ದಾಟಿ ಬರುತ್ತದೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ದೇಶದಲ್ಲೆಲ್ಲ ಹೆಸರು ಬಂದದ್ದೂ 2024ರಲ್ಲಿ ಅದು ರಾಮ್‌ಸಾರ್ ತಾಣವಾದದ್ದೂ ಮುಖ್ಯವಾಗಿ ಈ ಹಕ್ಕಿಯಿಂದಲೇ. ವಿಜ್ಞಾನಿಗಳು ಇವುಗಳ ಮೈಗೆ ಸಣ್ಣ ಯಂತ್ರ ಕಟ್ಟಿ ನೋಡಿದಾಗ ಒಂದು ಹಕ್ಕಿ 7,290 ಮೀಟರ್ ಎತ್ತರ ಮುಟ್ಟಿದ್ದು ದಾಖಲಾಯಿತು. ಆದರೆ ಅವು ಯಾವಾಗಲೂ ಹಾಗೆ ಮೇಲೆಯೇ ಹಾರುವುದಿಲ್ಲ. ಮೇಲೆ ಗಾಳಿ ತೆಳುವಾದಷ್ಟೂ ರೆಕ್ಕೆ ಹೆಚ್ಚು ಬಡಿಯಬೇಕು, ಹೃದಯ ಹೆಚ್ಚು ದುಡಿಯಬೇಕು. ಅದಕ್ಕೆ ಬೆಟ್ಟದ ಏರಿಳಿತಕ್ಕೆ ತಕ್ಕಂತೆ ತಾವೂ ಏರಿ ಇಳಿದು, ಆದಷ್ಟು ಕೆಳಗೇ ಉಳಿದು ಶಕ್ತಿ ಉಳಿಸುತ್ತವೆ. ದ್ವಿತೀಯ ಪಿಯುಸಿಯವರಿಗೆ ಇನ್ನೊಂದು ಮಾತು: ಈ ಹಕ್ಕಿಯ ಹೀಮೋಗ್ಲೋಬಿನ್‌ನಲ್ಲಿ ಬೆರಳೆಣಿಕೆಯ ಅಮೈನೋ ಆಮ್ಲಗಳು ಬೇರೆ ಇವೆ. ಅಷ್ಟರಿಂದಲೇ ಅದು ತೆಳು ಗಾಳಿಯಲ್ಲೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ.

ಇಷ್ಟು ಜಿಪುಣತನದಿಂದ ಶಕ್ತಿ ಉಳಿಸಿಕೊಂಡು ಬಂದ ಹಕ್ಕಿ ಅದು. ಸುಮ್ಮನೆ ಕುಳಿತಾಗ ಬೇಕಾದದ್ದಕ್ಕಿಂತ ಹತ್ತು ಪಟ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ಶಕ್ತಿ ಹಾರುವಾಗ ಬೇಕು. ಹಗಲು ಅವು ನೀರಿನ ದಂಡೆಯಲ್ಲಿ ಕುಳಿತಿರುವುದು ತಿಂದದ್ದನ್ನು ಅರಗಿಸಿಕೊಳ್ಳಲು, ವಿಶ್ರಾಂತಿ ಪಡೆಯಲು. ದಿನಕ್ಕೆ ನಾಲ್ಕು ಗುಂಪು ಹುಡುಗರು ಬಂದು ನಾಲ್ಕು ಸಲ ಎಬ್ಬಿಸಿದರೆ, ಆ ನಷ್ಟವನ್ನು ಅವು ಮತ್ತೆ ತಿಂದೇ ತುಂಬಿಕೊಳ್ಳಬೇಕು. ತಿನ್ನುವುದು ಯಾರ ಹೊಲದಲ್ಲಿ? ನಿಮ್ಮ ಹೊಲದಲ್ಲೇ. ಒಬ್ಬ ರೈತರು ನನಗೆ ನೇರವಾಗಿಯೇ ಹೇಳಿದರು: "ನಮ್ಮ ಕಡ್ಲಿ ಮೇಯ್ತಾವ್ರಿ ಸರ್ ಇವು. ನಿಮಗ ಫೋಟೊ, ನಮಗ ಲುಕ್ಸಾನ." ಅವರ ಮಾತಿನಲ್ಲಿ ತಪ್ಪಿಲ್ಲ. ಆದರೆ ಹೆಬ್ಬಾತಿನ ದಿನಚರಿ ಅವರಿಗೆ ಗೊತ್ತಿದ್ದಷ್ಟು ನನಗೆ ಗೊತ್ತಿರಲಿಲ್ಲ. "ಮಗ್ರಿಬ್ ಆದ್ಮ್ಯಾಲ ಬರ್ತಾವ, ಮುಂಜಾನಿ ಬಾಂಗ್ ಆಗಿ ಬೆಳಕು ಹರಿಯೂದ್ರೊಳಗ ತಿರುಗಿ ನೀರಿಗೆ ಹೊಕ್ಕಾವ" ಎಂದು ಅವರೇ ಹೇಳಿಕೊಟ್ಟರು. ಯಾವ ಪುಸ್ತಕವೂ ನಮ್ಮ ಊರಿನ ಹೊತ್ತನ್ನು ಇಷ್ಟು ಸ್ಪಷ್ಟವಾಗಿ ಹೇಳುವುದಿಲ್ಲ. ಫೋಟೊಕ್ಕೆ ಹೋಗುವ ಮೊದಲು ಆ ಹೊಲದವರ ಜೊತೆ ಕುಳಿತು ಒಂದು ಕಪ್ ಚಹಾ ಕುಡಿಯಿರಿ.

ಹಾಗಾದರೆ ಎಲ್ಲಿ, ಯಾವಾಗ ನಿಲ್ಲಬೇಕು? ದೀಪಾವಳಿಯ ಹೊತ್ತಿಗೆ ಜಲಾಶಯ ತುಂಬಿರುತ್ತದೆ, ದಂಡೆಯ ಅಂಚಿಗೆ ಕುಳಿತುಕೊಳ್ಳಲು ಹಕ್ಕಿಗೇ ಜಾಗವಿರುವುದಿಲ್ಲ. ಆಗ ಸಿಗುವುದು ಬೆಳ್ಳಕ್ಕಿ, ಬಣ್ಣದ ಕೊಕ್ಕರೆ, ನೀರುಕಾಗೆ. ಕಾಲುವೆಗೆ ನೀರು ಬಿಟ್ಟು ಮಟ್ಟ ಇಳಿದಂತೆ ಕೆಸರಿನ ಬಯಲು ತೆರೆದುಕೊಳ್ಳುತ್ತದೆ. ಎಳ್ಳಮವಾಸ್ಯೆಯ ಆಚೀಚೆಯಿಂದ ಫೆಬ್ರವರಿಯವರೆಗೆ ಹೆಬ್ಬಾತು, ಸೂಜಿಬಾಲದ ಬಾತು, ಕೆಸರಿನಲ್ಲಿ ಕೊಕ್ಕು ಚುಚ್ಚುತ್ತ ಓಡಾಡುವ ಸಣ್ಣ ಹಕ್ಕಿಗಳು ಕಾಣಸಿಗುವುದು ಅಲ್ಲೇ. ಅಂದರೆ ನಮಗೆ ಶರತ್ಕಾಲ ಹಕ್ಕಿಗಳು ಬರತೊಡಗುವ ಕಾಲ, ಫೋಟೊ ತೆಗೆಯುವ ಕಾಲ ಅದರ ಬೆನ್ನಿಗೆ ಬರುವ ಚಳಿಗಾಲ.

ಹೊತ್ತಿನ ಲೆಕ್ಕ ನಿಮಗೆ ಸುಲಭ. ಡಿಸೆಂಬರ್ ನಡುವೆ ಇಲ್ಲಿ ಸೂರ್ಯ ಹುಟ್ಟುವುದು 6.45ರ ಸುಮಾರಿಗೆ, ಮುಳುಗುವುದು 5.55ರ ಸುಮಾರಿಗೆ. ಫಜರ್ ನಮಾಜ್ ಮುಗಿಸಿ ಹೊರಟವನು ಒಳ್ಳೆಯ ಜಾಗದಲ್ಲಿ ಕುಳಿತುಕೊಳ್ಳುವಷ್ಟರಲ್ಲಿ ಬೆಳಕು ಬರುತ್ತದೆ. ಸಂಜೆಗೆ ಅಸರ್‌ನಿಂದ ಮಗ್ರಿಬ್ ನಡುವಿನ ಬೆಳಕು. ಈ ಎರಡೂ ಹೊತ್ತಿನಲ್ಲಿ ಬಿಸಿಲು ಓರೆಯಾಗಿ ಬೀಳುತ್ತದೆ, ಬಣ್ಣ ಬೆಚ್ಚಗಿರುತ್ತದೆ, ಗರಿಯ ಒಂದೊಂದು ಗೆರೆಯೂ ಎದ್ದು ಕಾಣುತ್ತದೆ. ಬೆಳಿಗ್ಗೆ ಸೂರ್ಯನನ್ನು ಬೆನ್ನಿಗೆ ಹಾಕಿಕೊಂಡು ಪಶ್ಚಿಮಕ್ಕೆ ನೋಡುತ್ತ ಕೂಡಿ. ಸಂಜೆ ಎರಡು ದಾರಿ: ಗರಿಯ ಬಣ್ಣ ಬೇಕಿದ್ದರೆ ಪೂರ್ವಕ್ಕೆ ಮುಖ ಮಾಡಿ, ಕೆಂಪು ಆಕಾಶದ ಮುಂದೆ ಹಕ್ಕಿಸಾಲಿನ ಕಪ್ಪು ನೆರಳು ಬೇಕಿದ್ದರೆ ಪಶ್ಚಿಮಕ್ಕೆ. ಗಾಳಿಯನ್ನೂ ನೋಡಿಕೊಳ್ಳಿ. ಹಕ್ಕಿ ಏಳುವಾಗಲೂ ಇಳಿಯುವಾಗಲೂ ಗಾಳಿಗೆ ಎದುರಾಗಿಯೇ ಇರುತ್ತದೆ. ಬೆನ್ನಿಗೆ ಗಾಳಿ ಬೀಸುವಂತೆ ಕುಳಿತರೆ ಹಕ್ಕಿಯ ಮುಖ ನಿಮ್ಮ ಕಡೆಗೆ ಬರುತ್ತದೆ.

ಮಧ್ಯಾಹ್ನ ಮಾತ್ರ ಹೋಗಬೇಡಿ. ಬೆಳಕು ನೆತ್ತಿಯ ಮೇಲಿರುತ್ತದೆ ಎಂಬುದಕ್ಕಿಂತ ದೊಡ್ಡ ಕಾರಣ ನಮ್ಮ ಎರೆಮಣ್ಣು. ಕಪ್ಪು ನೆಲ ಬೇಗ ಕಾಯುತ್ತದೆ, ಅದರ ಮೇಲಿನ ಗಾಳಿ ಬಿಸಿಯಾಗಿ ಏಳುತ್ತದೆ. ಬಿಸಿ ಗಾಳಿಗೂ ತಣ್ಣನೆಯ ಗಾಳಿಗೂ ವಕ್ರೀಭವನ ಸೂಚ್ಯಂಕ ಬೇರೆಯಾದ್ದರಿಂದ ಬೆಳಕಿನ ಕಿರಣ ಕ್ಷಣಕ್ಷಣಕ್ಕೂ ಬಾಗುತ್ತದೆ. ಡಾಂಬರು ರಸ್ತೆಯ ಮೇಲೆ ಬಿಸಿಲ್ಗುದುರೆ ಕಾಣುವುದೂ ಇದೇ ಕಾರಣಕ್ಕೆ. ಬರಿಗಣ್ಣಿಗೆ ಅಷ್ಟು ತಿಳಿಯುವುದಿಲ್ಲ. ಆದರೆ ಇನ್ನೂರು ಮೀಟರ್ ಆಚೆಯ ಹಕ್ಕಿಯನ್ನು ಉದ್ದ ಲೆನ್ಸಿನಲ್ಲಿ ಎಳೆದು ತೆಗೆದಾಗ ಫೋಟೊ ನೀರಿನಲ್ಲಿ ಅಲುಗಿದಂತೆ ಬರುತ್ತದೆ. ಚಳಿಗಾಲದಲ್ಲೂ ಹತ್ತು ಗಂಟೆಯ ನಂತರ ಇದು ಶುರು. ಲೆನ್ಸ್ ಎಷ್ಟು ದುಬಾರಿಯದಾದರೂ ಇದಕ್ಕೆ ಮದ್ದಿಲ್ಲ. ಹತ್ತಿರ ಇರಬೇಕು, ಇಲ್ಲವೇ ನಸುಕಿನಲ್ಲಿ ಇರಬೇಕು.

ಹತ್ತಿರ ಇರುವುದೆಂದರೆ ಹತ್ತಿರಕ್ಕೆ ಹೋಗುವುದಲ್ಲ. ಹಕ್ಕಿ ಬರುವ ಮೊದಲೇ ಅಲ್ಲಿದ್ದು, ಅದು ತಾನಾಗಿ ಹತ್ತಿರ ಬರುವಂತೆ ಮಾಡುವುದು. ಹೊಲದ ಒಡ್ಡಿನ ಹಿಂದೆ, ಜಾಲಿಗಿಡದ ನೆರಳಲ್ಲಿ, ಹತ್ತಿಕಟ್ಟಿಗೆಯ ಬಣವೆಯ ಪಕ್ಕದಲ್ಲಿ ಅಲುಗಾಡದೆ ಕೂಡಿ. ಮಣ್ಣಿನ ಬಣ್ಣದ ಬಟ್ಟೆ ಸಾಕು. ಅರ್ಧ ತಾಸಿನಲ್ಲಿ ನೀವು ಅಲ್ಲಿರುವುದನ್ನು ಅವು ಮರೆಯುತ್ತವೆ. ಇನ್ನೊಂದು ವಿಷಯ ಗಮನಿಸಿ: ಎತ್ತಿನ ಬಂಡಿ, ಟ್ರ್ಯಾಕ್ಟರ್ ಹತ್ತಿರ ಹಾದರೂ ಅವು ಅಷ್ಟಾಗಿ ಹೆದರುವುದಿಲ್ಲ. ನಡೆದು ಬರುವ ಒಬ್ಬ ಮನುಷ್ಯ ಕಂಡರೆ ಎದ್ದುಬಿಡುತ್ತವೆ. ಮನೆಯ ಬಂಡಿಯಲ್ಲಿ ಕುಳಿತು ತೆಗೆದರೆ ಲಕ್ಷ ರೂಪಾಯಿಯ ಲೆನ್ಸ್ ಮಾಡದ ಕೆಲಸವನ್ನು ಬಂಡಿ ಮಾಡುತ್ತದೆ. ಗುಂಪಿನಲ್ಲಿ ಕತ್ತುಗಳು ಒಂದೊಂದಾಗಿ ನೆಟ್ಟಗಾಗುತ್ತಿವೆಯೇ, ಮೇಯುವುದು ನಿಂತಿದೆಯೇ ಎಂದು ನೋಡುತ್ತಿರಿ. ಹಾಗಾಗಿದ್ದರೆ ನೀವು ಹೆಚ್ಚು ಹತ್ತಿರವಿದ್ದೀರಿ ಎಂದರ್ಥ. ಅಲ್ಲೇ ನಿಂತು, ನಿಧಾನಕ್ಕೆ ಹಿಂದೆ ಸರಿಯಿರಿ.

ಕ್ಯಾಮೆರಾದ ಮಾತು ಚಿಕ್ಕದಾಗಿ ಹೇಳುತ್ತೇನೆ, ಇದನ್ನು ಹೇಳಿಕೊಡುವವರು ಮೊಬೈಲ್‌ನಲ್ಲೇ ಬೇಕಾದಷ್ಟಿದ್ದಾರೆ. ದೊಡ್ಡ ಕ್ಯಾಮೆರಾ ಇದ್ದವರು ಹಾರುವ ಹಕ್ಕಿಗೆ ಷಟರ್ ವೇಗವನ್ನು ಸೆಕೆಂಡಿನ 1/1600ರ ಹತ್ತಿರ ಇಡಿ, ಕುಳಿತ ಹಕ್ಕಿಗೆ 1/500 ಆದರೂ ಸಾಕು. ಫೋಕಸ್ ಸತತವಾಗಿ ಹಿಂಬಾಲಿಸುವ ಕ್ರಮದಲ್ಲಿರಲಿ. ಕ್ಯಾನನ್‌ನಲ್ಲಿ ಅದಕ್ಕೆ ಎಐ ಸರ್ವೊ, ನಿಕಾನ್‌ನಲ್ಲಿ ಎಎಫ್-ಸಿ ಎನ್ನುತ್ತಾರೆ. ಕಪ್ಪು ನೀರಿನ ಮುಂದೆ ಬೆಳ್ಳಕ್ಕಿ ನಿಂತಿದ್ದರೆ ಕ್ಯಾಮೆರಾ ಮೋಸಹೋಗಿ ಹಕ್ಕಿಯನ್ನು ಸುಣ್ಣದ ಮುದ್ದೆಯಂತೆ ಮಾಡುತ್ತದೆ, ಎಕ್ಸ್‌ಪೋಷರ್ ಒಂದು ಮೆಟ್ಟಿಲು ಇಳಿಸಿ. ಬೆಳಕಿನ ಆಕಾಶದ ಮುಂದೆ ಹಾರುವ ಹಕ್ಕಿ ಕಪ್ಪಾಗಿ ಬರುತ್ತಿದ್ದರೆ ಒಂದು ಮೆಟ್ಟಿಲು ಏರಿಸಿ. ಮದುವೆಯ ಲೆನ್ಸ್ ದೂರದ ಹಕ್ಕಿಗೆ ಸಾಲದು. ಹಳೆಯ 70-300 ಲೆನ್ಸ್ ಕಡಿಮೆ ಬೆಲೆಗೆ ಸಿಕ್ಕರೆ ಅದೇ ಸಾಕು.

ಮೊಬೈಲ್ ಮಾತ್ರ ಇದ್ದವರು ಬೇಸರ ಮಾಡಿಕೊಳ್ಳಬೇಡಿ. ಒಂದೇ ಹಕ್ಕಿಯ ಬೆನ್ನು ಹತ್ತಬೇಡಿ, ಜೂಮ್ ಎಳೆದಷ್ಟೂ ಫೋಟೊ ಹರಿದುಹೋಗುತ್ತದೆ. ಮೊಬೈಲ್‌ಗೆ ಒಗ್ಗುವುದು ದೊಡ್ಡ ನೋಟ: ಕೆಂಪು ಆಕಾಶ, ಅದರಲ್ಲಿ ಬಾಣದಂತೆ ಹೋಗುವ ಹೆಬ್ಬಾತಿನ ಸಾಲು, ಕೆಳಗೆ ನಮ್ಮ ಗುಡ್ಡದ ಅಂಚು. ಪರದೆಯ ಮೇಲೆ ಆಕಾಶವನ್ನು ಒತ್ತಿ ಹಿಡಿದು, ಬೆರಳು ಕೆಳಗೆ ಜಾರಿಸಿ ಬೆಳಕು ತಗ್ಗಿಸಿ ತೆಗೆಯಿರಿ. ಮನೆಯಲ್ಲಿ ದುರ್ಬೀನು ಇದ್ದರೆ ಅದರ ಒಂದು ಕಣ್ಣಿಗೆ ಮೊಬೈಲ್ ಲೆನ್ಸನ್ನು ಸರಿಯಾಗಿ ತಾಗಿಸಿ ಹಿಡಿದೂ ನೋಡಬಹುದು. ಗುರುತು ಹಿಡಿಯುವಷ್ಟು ಸ್ಪಷ್ಟವಾದ ಫೋಟೊ ಬರುತ್ತದೆ.

ಇನ್ನು ಹುಡುಗಿಯರು ಕೇಳುವ ಪ್ರಶ್ನೆ: "ಸರ್, ನಮ್ಮನ್ನ ಅಷ್ಟು ನಸುಕಿನ್ಯಾಗ ಡ್ಯಾಮಿಗೆ ಯಾರು ಕಳಿಸ್ತಾರ್ರಿ?" ಡ್ಯಾಮಿಗೇ ಹೋಗಬೇಕಿಲ್ಲ. ನಮ್ಮ ಬಯಲಿನ ಒಳ್ಳೆಯ ಹಕ್ಕಿಗಳು ಮನೆಯ ಮಾಳಿಗೆಯಿಂದ, ಮನೆಯ ಹೊಲದ ಒಡ್ಡಿನಿಂದ ಕಾಣುತ್ತವೆ. ಗುಲಾಬಿ ಕಬ್ಬಕ್ಕಿಯನ್ನೇ ನೋಡಿ. ಮಧ್ಯ ಏಷ್ಯಾದ ಕಡೆಯಿಂದ ಮಳೆಗಾಲ ಮುಗಿಯುವ ಮೊದಲೇ ಬಂದು, ಜೋಳ ತೆನೆ ಕಟ್ಟುವಾಗ ಸಾವಿರಗಟ್ಟಲೆ ಇಳಿಯುತ್ತದೆ. ಅದಕ್ಕೆಂದೇ ನಮ್ಮವರು ಅಟ್ಟ ಹಾಕಿ ಕವಣೆ ಹಿಡಿದು ಕಾಯುವುದು. ಸಂಜೆ ಜಾಲಿಗಿಡಗಳಿಗೆ ಮಲಗಲು ಬರುವ ಮೊದಲು ಅವು ಆಕಾಶದಲ್ಲಿ ಹೊಗೆಯಂತೆ ಸುತ್ತುತ್ತವೆ. ಇದಕ್ಕೆ ಮೊಬೈಲ್ ಸಾಕು, ಮಾಳಿಗೆ ಸಾಕು.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಸೆಳೆವ, ಇಂಗ್ಲಿಷಿನವರು ಹ್ಯಾರಿಯರ್ ಎನ್ನುವ ಹದ್ದಿನ ಜಾತಿಯ ಹಕ್ಕಿ. ಅಕ್ಟೋಬರ್ ಹೊತ್ತಿಗೆ ಕಜಕಸ್ತಾನದ ಹುಲ್ಲುಗಾವಲುಗಳಿಂದ ಬಂದು ನಮ್ಮ ಹೊಲಗಳ ಮೇಲೆ ಎರಡಾಳು ಎತ್ತರದಲ್ಲಿ, ರೆಕ್ಕೆಯನ್ನು ತುಸು ಮೇಲಕ್ಕೆತ್ತಿ, ತೇಲಿದಂತೆ ಹೋಗುತ್ತದೆ. ತಿನ್ನುವುದು ಮುಖ್ಯವಾಗಿ ಮಿಡತೆ, ಸಣ್ಣ ಇಲಿ, ಓತಿ. ಅಂದರೆ ರೈತನಿಗೆ ಕೂಲಿ ಕೇಳದ ಆಳು. ಹೊಲದ ಒಂದು ಸಾಲು ಹಿಡಿದು ಹೋಗಿ ಇನ್ನೊಂದು ಸಾಲು ಹಿಡಿದು ತಿರುಗಿ ಬರುವ ಅಭ್ಯಾಸ ಅದಕ್ಕಿದೆ. ಆದ್ದರಿಂದ ಒಮ್ಮೆ ಹಾದುಹೋಯಿತೆಂದು ಓಡಬೇಡಿ, ಕುಳಿತಲ್ಲೇ ಕುಳಿತಿರಿ, ತಿರುಗಿ ಬರುತ್ತದೆ. ನಿಧಾನವಾಗಿ ಹಾರುವುದರಿಂದ ಕ್ಯಾಮೆರಾವನ್ನು ಅದರ ಜೊತೆಗೆ ತಿರುಗಿಸುತ್ತ ತೆಗೆಯುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಹಕ್ಕಿ ಇಲ್ಲ. ರಾತ್ರಿ ಇವು ಹುಲ್ಲಿನ ನಡುವೆ ನೆಲದ ಮೇಲೇ ಗುಂಪಾಗಿ ಮಲಗುತ್ತವೆ. ಅಂಥ ಜಾಗ ಕಂಡರೆ ಯಾರಿಗೂ ಹೇಳಬೇಡಿ, ಟಾರ್ಚ್ ಹಿಡಿದು ನೋಡಲು ಹೋಗಬೇಡಿ.

ಕಾನೂನಿನ ಮಾತನ್ನೂ ತಿಳಿದಿರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ 'ಬೇಟೆ' ಎಂದರೆ ಕೊಲ್ಲುವುದಷ್ಟೇ ಅಲ್ಲ. ಹಿಡಿಯಲು, ಕೊಲ್ಲಲು ಬೆನ್ನಟ್ಟುವುದು, ಬಲೆ ಒಡ್ಡುವುದು, ಹಕ್ಕಿಯ ಗೂಡು-ಮೊಟ್ಟೆಗಳನ್ನು ಕೆಣಕುವುದು ಕೂಡ ಆ ಪದದೊಳಗೆ ಬರುತ್ತವೆ. ಬಯಲಿನಲ್ಲಿ ಚಿಗರಿ ಕಂಡರೆ ಬೈಕ್ ಹಿಂದೆ ಬಿಡುವವರು ಇದನ್ನು ಎರಡು ಸಲ ಓದಿ, ಚಿಗರಿ ಆ ಕಾಯ್ದೆಯ ಮೊದಲ ಅನುಸೂಚಿಯ ಪ್ರಾಣಿ. ಗೂಡಿನ ಫೋಟೊ ಬೇಡವೇ ಬೇಡ. ನೀವು ಸರಿಸಿದ ಒಂದು ಟೊಂಗೆ ಕಾಗೆಗೆ ದಾರಿ ತೋರಿಸುತ್ತದೆ.

ನಿಮ್ಮ ಜೀವದ ಮಾತು ಇನ್ನೂ ಮುಖ್ಯ. ಹಕ್ಕಿಯ ಕಣ್ಣಿನ ಮಟ್ಟದಲ್ಲಿ ತೆಗೆದರೆ ಫೋಟೊ ಚೆಂದ ಎಂದು ಎಲ್ಲರೂ ಹೇಳುತ್ತಾರೆ, ಅದು ನಿಜ. ಆದರೆ ಕೃಷ್ಣೆಯಲ್ಲಿ ಮೊಸಳೆಗಳಿವೆ. ನೀರಿನ ಅಂಚಿಗೆ ಬೋರಲಾಗಿ ಮಲಗುವುದು ಕೊಳದಲ್ಲಿ ಸರಿ, ನಮ್ಮ ನದಿಯಲ್ಲಿ ಅಲ್ಲ. ಅಣೆಕಟ್ಟಿನ ಕೆಳಗೆ ಬಂಡೆಗಳ ಮೇಲೆ ಇಳಿಯಬೇಡಿ, ಗೇಟು ತೆರೆದಾಗ ನೀರು ಏರುವುದು ನಿಮಿಷಗಳಲ್ಲಿ. ಅಣೆಕಟ್ಟಿನ ಮೇಲೆ ಕ್ಯಾಮೆರಾ ಹೊರತೆಗೆಯುವ ಮುನ್ನ ಕಾವಲಿನವರ ಅನುಮತಿ ಕೇಳಿ. ಒಣಗಿದಂತೆ ಕಾಣುವ ಕೆಸರಿನ ಬಯಲು ಮೊಳಕಾಲವರೆಗೆ ಹುಗಿಯಬಹುದು, ಒಬ್ಬರೇ ಹೋಗಬೇಡಿ.

ಫೋಟೊ ತೆಗೆದ ಮೇಲೆ ಏನು? ಸ್ಟೇಟಸ್‌ಗೆ ಹಾಕಿ, ಬೇಡ ಅನ್ನುವುದಿಲ್ಲ. ಆದರೆ ಅದು 24 ತಾಸಿಗೆ ಅಳಿಸಿಹೋಗುತ್ತದೆ. ನಮ್ಮ ಊರು ಹೈದರಾಬಾದ್ ಸಂಸ್ಥಾನದ ಗುಲ್ಬರ್ಗಾ ಜಿಲ್ಲೆಯಲ್ಲಿದ್ದ ಕಾಲದಲ್ಲಿ, 1931–32ರಲ್ಲಿ, ಸಲೀಂ ಅಲಿ ಅವರು ಇಡೀ ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದರು. ಪತ್ನಿ ತಹಮೀನಾ ಅವರ ಶಿಬಿರಗಳಲ್ಲಿ ಜೊತೆಗಿರುತ್ತಿದ್ದರು. ಆಗ ಸಾಕ್ಷಿ ಎಂದರೆ ಹೊಡೆದು ತಂದು ಒಣಗಿಸಿದ ಹಕ್ಕಿಯ ಚರ್ಮ, ಅದಕ್ಕೆ ಕಟ್ಟಿದ ಚೀಟಿ, ಚೀಟಿಯಲ್ಲಿ ದಿನಾಂಕ ಮತ್ತು ಸ್ಥಳ. ಆ ಚೀಟಿ ಇದ್ದುದರಿಂದಲೇ ಇಂದಿಗೂ ಅದಕ್ಕೆ ಬೆಲೆ. ಈಗ ಅದೇ ಕೆಲಸವನ್ನು ಹಕ್ಕಿಯನ್ನು ಕೊಲ್ಲದೆ ನಿಮ್ಮ ಫೋಟೊ ಮಾಡುತ್ತದೆ, ಚೀಟಿ ಇದ್ದರೆ ಮಾತ್ರ. ಅಂಥ ಸಾಕ್ಷಿಗೆ ಎಷ್ಟು ತೂಕವಿದೆ ಎನ್ನಲು ಒಂದು ಉದಾಹರಣೆ: ಎರೆಭೂತ ಎಂದು ಹಳಬರು ಕರೆಯುತ್ತಿದ್ದ, ಎರೆಹೊಲಗಳಲ್ಲಿ ನಡೆದಾಡುತ್ತಿದ್ದ ಆ ಭಾರಿ ಹಕ್ಕಿ ಈಗ ರಾಜ್ಯದಲ್ಲಿ ಬಳ್ಳಾರಿಯ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಮಾತ್ರ. ಅವು ಅಲ್ಲಿ ಇವೆ ಎಂದು ನಂಬಿಸಲು ಫೋಟೊಗಳೇ ಬೇಕಾದವು. ಪಕ್ಕದ ಸಂಡೂರಿನ ಎಂ.ವೈ. ಘೋರ್ಪಡೆ ಅವರು ರಾಜ್ಯದ ಹಣಕಾಸು ಮಂತ್ರಿಯಾಗಿದ್ದವರು. ಕಾಡುಪ್ರಾಣಿಗಳ ಕಪ್ಪು-ಬಿಳುಪು ಫೋಟೊಗಳಿಂದ ಹೊರದೇಶಗಳಲ್ಲೂ ಹೆಸರಾದರು. ಅವರ ಕಾಲದಲ್ಲಿ ಒಂದು ಫಿಲ್ಮ್ ರೋಲಿಗೆ 36 ಫೋಟೊ ಮಾತ್ರ. ನೀವು ಒಂದು ಬೆಳಿಗ್ಗೆ 400 ಒತ್ತಿ ಬರುತ್ತೀರಿ. ನಾಲ್ಕು ಉಳಿಸಿ, ಉಳಿದದ್ದನ್ನು ಅಳಿಸಿ, ಆ ನಾಲ್ಕಕ್ಕೆ ಚೀಟಿ ಬರೆಯಿರಿ.

ಜೀವಶಾಸ್ತ್ರ ಪ್ರಯೋಗಾಲಯದ ಬಾಗಿಲ ಪಕ್ಕದ ಮೇಜಿನ ಮೇಲೆ ಒಂದು ಉದ್ದ ನೋಟ್‌ಬುಕ್ ಇಟ್ಟಿದ್ದೇನೆ. ದಿನಾಂಕ, ಹೊತ್ತು, ಜಾಗ, ಎಷ್ಟು ಹಕ್ಕಿ, ಅವು ಏನು ಮಾಡುತ್ತಿದ್ದವು, ನೋಡಿದವರ ಹೆಸರು ಮತ್ತು ತರಗತಿ, ಹೀಗೆ ಆರು ಅಂಕಣ. ಹಕ್ಕಿಯ ಹೆಸರು ಗೊತ್ತಿಲ್ಲದಿದ್ದರೆ ಖಾಲಿ ಬಿಡಿ, ಶನಿವಾರ ಊಟದ ಬಿಡುವಿನಲ್ಲಿ ಕೂಡಿ ನೋಡೋಣ. ಜನವರಿ ಕೊನೆಗೆ ಇದನ್ನೆಲ್ಲ ಇಬರ್ಡ್ ಎಂಬ ಜಾಗತಿಕ ಪಟ್ಟಿಗೆ ಸೇರಿಸುವ ಕೆಲಸವನ್ನು ಪ್ರಥಮ ಪಿಯುಸಿ ವಿಜ್ಞಾನದವರು ಒಪ್ಪಿಕೊಂಡಿದ್ದಾರೆ. ಕಲಾ ಮತ್ತು ವಾಣಿಜ್ಯ ವಿಭಾಗದವರೂ ಬರೆಯಬಹುದು. ಸಿಬ್ಬಂದಿಯಲ್ಲಿ ಈವರೆಗೆ ಬರೆದವರು ನಮ್ಮ ಗ್ರಂಥಪಾಲಕರು ಒಬ್ಬರೇ. ಅವರ ಮನೆಯ ಮಾಳಿಗೆಯಿಂದ ಕಂಡ ಹೆಬ್ಬಾತುಗಳು: 34, ಮಗ್ರಿಬ್‌ಗೆ ಹತ್ತು ನಿಮಿಷ ಮೊದಲು, ಪೂರ್ವದ ಕಡೆಗೆ.